ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಸ್ಪ್ಯಾನಿಷ್: ಇಮ್ಮರ್ಶನ್‌ಗೆ ಸೇರಿಸಿದವರ ಅನುಭವ ಬೇಕಾಗಿದೆ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ತಾಯಿ
ಮಗಳಿಗೆ ಆಗಸ್ಟ್‌ನಲ್ಲಿ ಐದು ತುಂಬುತ್ತದೆ. ಮನೆಯಲ್ಲಿ ಕನ್ನಡ ಮಾತ್ರ. ಇಂಗ್ಲಿಷ್ ಅವಳಿಗೆ ಅಷ್ಟಕ್ಕಷ್ಟೆ. ಹತ್ತಿರದ ಸರ್ಕಾರಿ ಶಾಲೆಯಲ್ಲಿ 90:10 ಸ್ಪ್ಯಾನಿಷ್ ಇಮ್ಮರ್ಶನ್ ಇದೆ, ಅಂದರೆ ಮೊದಲಿಗೆ ಶೇ. 90 ಪಾಠ ಸ್ಪ್ಯಾನಿಷ್‌ನಲ್ಲಿ, ಶೇ. 10 ಇಂಗ್ಲಿಷ್‌ನಲ್ಲಿ. ಶಾಲೆ ಕೇಳುವ ಮನೆಭಾಷೆಯ ಸಮೀಕ್ಷೆಯಲ್ಲಿ ಕನ್ನಡ ಎಂದು ಬರೆದರೆ ಇಂಗ್ಲಿಷ್ ಲರ್ನರ್ (ಇಂಗ್ಲಿಷ್ ಇನ್ನೂ ಕಲಿಯಬೇಕಾದ ಮಗು) ಎಂಬ ಗುರುತು ಬೀಳಬಹುದೆಂದು ಕೇಳಿದ್ದೇನೆ. ಇಂಗ್ಲಿಷ್, ಸ್ಪ್ಯಾನಿಷ್ ಎರಡೂ ಸರಿಯಾಗಿ ಬಾರದ ಮಗುವನ್ನು ಅಲ್ಲಿಗೆ ಸೇರಿಸಬಹುದೇ? ಸೀಟಿನ ಲಾಟರಿ ಅರ್ಜಿಗೆ ಹತ್ತು ದಿನ ಉಳಿದಿದೆ.

ಉತ್ತರ: ನಾಲ್ಕನೇ ತರಗತಿಯ ಹುಡುಗನ ತಾಯಿ
ನಾವು ಸೇರಿಸಿದೆವು, ಇನ್ನೊಮ್ಮೆ ಅವಕಾಶ ಬಂದರೂ ಸೇರಿಸುತ್ತೇವೆ. ಸಮೀಕ್ಷೆಯಲ್ಲಿ ಕನ್ನಡ ಎಂದೇ ಬರೆದೆವು. ತಿಂಗಳೊಳಗೆ ಇಂಗ್ಲಿಷ್ ಎಷ್ಟು ಬರುತ್ತದೆಂದು ಅಳೆಯುವ ಎಲ್‌ಪ್ಯಾಕ್ ಪರೀಕ್ಷೆ ನಡೆಯಿತು. ಅಪರಿಚಿತರ ಎದುರು ಮಗ ಬಾಯಿಯನ್ನೇ ಬಿಡಲಿಲ್ಲವಂತೆ, ಗುರುತು ಬಿತ್ತು. ಬಸ್ಸಿನ ಸೌಕರ್ಯವಿಲ್ಲದ್ದರಿಂದ ದಿನಕ್ಕೆರಡು ಸಲ 35 ನಿಮಿಷ ಕಾರು ಓಡಿಸಬೇಕಾಯಿತು, ಅದಕ್ಕಾಗಿ ನಾನು ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡೆ. ಎರಡನೇ ತರಗತಿಯಿಂದ ಸ್ಪ್ಯಾನಿಷ್ ಓದಿಗೆ ವಾರಕ್ಕೆರಡು ಗಂಟೆ ಟ್ಯೂಷನ್, ಗಂಟೆಗೆ 45 ಡಾಲರ್, ಹದಿನಾಲ್ಕು ತಿಂಗಳು. ಲೆಕ್ಕ ಹಾಕಿದರೆ 5,000 ಡಾಲರ್ ದಾಟಿತು. ಮೂರನೇ ತರಗತಿಯಲ್ಲಿ ರಾಜ್ಯದ ಪರೀಕ್ಷೆ ಇಂಗ್ಲಿಷ್‌ನಲ್ಲಿ ಬಂದಾಗ ಅಂಕಗಳು ನೆಲ ಕಚ್ಚಿದವು, ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಈ ವಸಂತದಲ್ಲಿ ಎಲ್‌ಪ್ಯಾಕ್‌ನ ನಾಲ್ಕನೇ ಹಂತ ಮುಟ್ಟಿ ಅವನು ಆ ಗುರುತಿನಿಂದ ಹೊರಬಂದ. ತಿಪಟೂರಿನ ಅಜ್ಜಿಗೆ ಫೋನಿನಲ್ಲಿ ಸ್ಪ್ಯಾನಿಷ್ ಪಾಠ ಓದಿ, ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಾನೆ.

ಉತ್ತರ: ಹೊರಬಂದ ತಂದೆ
ದಯವಿಟ್ಟು ಸೇರಿಸಬೇಡಿ. ಗುರುತು ಬೀಳಬಾರದೆಂದು ಸಮೀಕ್ಷೆಯ ನಾಲ್ಕೂ ಪ್ರಶ್ನೆಗಳಿಗೆ ನಾನು ಇಂಗ್ಲಿಷ್ ಎಂದು ಬರೆದೆ. ಎರಡನೇ ತರಗತಿಯ ನಡುವಿಗೆ ಬಂದರೂ ಮಗನಿಗೆ ಎರಡು ಭಾಷೆಯಲ್ಲೂ ಓದಲು ಬರಲಿಲ್ಲ. ಸಹಾಯ ಕೇಳಿದರೆ, ದಾಖಲೆಯಲ್ಲಿ ಮನೆಭಾಷೆ ಇಂಗ್ಲಿಷ್ ಎಂದಿದೆ, ಬೆಂಬಲದ ಗುಂಪಿಗೆ ಅವನನ್ನು ಸೇರಿಸಲಾಗದು ಎಂದರು. ಜನವರಿಯಲ್ಲಿ ಬಿಡಿಸಿದೆವು. ಅಷ್ಟರಲ್ಲಿ ನಮ್ಮ ಬೀದಿಯ ಶಾಲೆ ಭರ್ತಿಯಾಗಿತ್ತು. ಆರು ಮೈಲಿ ದೂರದ ಶಾಲೆಯಲ್ಲಿ ಸೀಟು ಕೊಟ್ಟರು. ಓದಿನ ತಪಾಸಣೆಗೆ 1,800 ಡಾಲರ್, ಬೇಸಿಗೆ ತರಗತಿಗೆ 2,200 ಡಾಲರ್. "ನಾನು ದಡ್ಡನಾ ಅಪ್ಪ?" ಎಂದು ಅವನು ಕಾರಿನ ಹಿಂದಿನ ಸೀಟಿನಲ್ಲಿ ಕೇಳಿದ್ದನ್ನು ಯಾವ ಲೆಕ್ಕಕ್ಕೆ ಸೇರಿಸಲಿ?

ಉತ್ತರ: ಇಮ್ಮರ್ಶನ್ ಶಾಲೆಯ ಸಹಾಯಕಿ
ಸುಳ್ಳು ಬರೆದವರು ನೀವು. ಹಾಗಿರುವಾಗ ಸಹಾಯ ಸಿಗಲಿಲ್ಲವೆಂದು ದೂರುವುದು ಯಾವ ನ್ಯಾಯ? ಇಂಗ್ಲಿಷ್ ಲರ್ನರ್ ಗುರುತು ಶಿಕ್ಷೆಯಲ್ಲ; ಬೆಂಬಲ ಕೇಳುವ ಹಕ್ಕು ಅದರಿಂದಲೇ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ಲಾವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ತೀರ್ಪು ಕೊಟ್ಟದ್ದು ಇದಕ್ಕಾಗಿಯೇ. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 227ನೇ ಪ್ರಸ್ತಾವದಿಂದ ದ್ವಿಭಾಷಾ ತರಗತಿಗಳನ್ನು ಬಹುಮಟ್ಟಿಗೆ ಮುಚ್ಚಿಸಿದ್ದರು. 2016ರಲ್ಲಿ 58ನೇ ಪ್ರಸ್ತಾವ ಗೆದ್ದ ಮೇಲೆಯೇ ದಾರಿ ಮತ್ತೆ ಸಲೀಸಾಯಿತು. ಆ ದಾರಿಗಾಗಿ ಹೋರಾಡಿದ ಸ್ಪ್ಯಾನಿಷ್ ಮನೆಗಳವರೇ ಈಗ ಬಾಗಿಲ ಹೊರಗೆ ನಿಂತಿದ್ದಾರೆ. ನನಗೆ ಗೊತ್ತಿರುವ ಮೆಕ್ಸಿಕನ್ ತಾಯಿಯೊಬ್ಬರು ರಾತ್ರಿ ಪಾಳಿಯಲ್ಲಿ ಕಚೇರಿಗಳನ್ನು ಗುಡಿಸುತ್ತಾರೆ. ಅರ್ಜಿಯ ಮೊದಲ ಸುತ್ತು ಮುಗಿದು ನಾಲ್ಕು ದಿನಕ್ಕೆ ಬಂದ ಅವರಿಗೆ ಸಿಕ್ಕಿದ್ದು ಕಾಯುವ ಪಟ್ಟಿಯ ಹದಿನೇಳನೇ ಸ್ಥಾನ.

ಉತ್ತರ: ಹೊರಬಂದ ತಂದೆ
ಯಾರ ಸೀಟನ್ನೂ ನಾನು ಕಸಿದಿಲ್ಲ. ಸ್ಪ್ಯಾನಿಷ್ ಮಾತಾಡುವ ಮಕ್ಕಳ ಸೀಟುಗಳೇ ಬೇರೆ, ಇಂಗ್ಲಿಷ್ ಮಕ್ಕಳವೇ ಬೇರೆ. ನನ್ನ ಮಗನ ನೋವಿನ ನಡುವೆ ಈ ಆರೋಪ ಬೇಕಿರಲಿಲ್ಲ.

ಉತ್ತರ: ಇಮ್ಮರ್ಶನ್ ಶಾಲೆಯ ಸಹಾಯಕಿ
ಕಾಗದದಲ್ಲಿ ಬೇರೆ, ನಿಜ. ಸ್ಪ್ಯಾನಿಷ್ ಮನೆಗಳ ಅರ್ಜಿ ಸಕಾಲಕ್ಕೆ ಬಾರದೆ ಸೀಟು ಉಳಿದರೆ ಅದನ್ನು ಯಾರಿಗೆ ಕೊಡುತ್ತಾರೆಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನು, ಎರಡನೇ ತರಗತಿಯಲ್ಲಿ ಅಳೆದು ಸೋಲೆಂದು ತೀರ್ಮಾನಿಸುವುದು ಆತುರ. ಕ್ಯಾಲಿಫೋರ್ನಿಯಾದ ಒಂದು ದೊಡ್ಡ ನಗರದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಸಂಶೋಧಕರಾದ ಉಮಾನ್ಸ್ಕಿ ಮತ್ತು ರಿಯರ್ಡನ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವಂತೆ, ಎರಡು ಭಾಷೆಗಳ ತರಗತಿಯಲ್ಲಿದ್ದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ಪ್ರಾಥಮಿಕ ಹಂತದಲ್ಲಿ ಹಿಂದುಳಿದರೂ, ಹೈಸ್ಕೂಲು ಮುಗಿಯುವ ಹೊತ್ತಿಗೆ ಇಂಗ್ಲಿಷ್ ಮಾತ್ರದ ತರಗತಿಯಲ್ಲಿದ್ದವರಿಗಿಂತ ಅವರಲ್ಲೇ ಹೆಚ್ಚು ಮಂದಿ ಇಂಗ್ಲಿಷ್ ಲರ್ನರ್ ಗುರುತನ್ನು ದಾಟಿದ್ದರು.

ಉತ್ತರ: ಡಲ್ಲಾಸ್ ಬಳಿಯ ತಂದೆ
ಆ ಮಕ್ಕಳ ಮನೆಭಾಷೆಯೇ ಸ್ಪ್ಯಾನಿಷ್. ಕನ್ನಡದ ಮಗುವಿಗೆ ಆ ಲೆಕ್ಕ ಹೇಗೆ ಹೊಂದುತ್ತದೆ? ಟೆಕ್ಸಾಸ್‌ನಲ್ಲಿ ಒಂದು ಶಾಲಾ ಡಿಸ್ಟ್ರಿಕ್ಟ್‌ನ ಒಂದೇ ತರಗತಿಯಲ್ಲಿ ಒಂದೇ ಭಾಷೆಯ 20 ಇಂಗ್ಲಿಷ್ ಲರ್ನರ್ ಮಕ್ಕಳಿದ್ದರೆ ಆ ಭಾಷೆಯಲ್ಲಿ ದ್ವಿಭಾಷಾ ಶಿಕ್ಷಣ ಕೊಡಬೇಕೆಂಬ ನಿಯಮವಿದೆ. ಕನ್ನಡಕ್ಕೆ ನಮ್ಮಲ್ಲಿ ಮೂವರೂ ಸಿಗಲಿಲ್ಲ, ಹಾಗಾಗಿ ಸ್ಪ್ಯಾನಿಷ್‌ಗೆ ಹಾಕಿದೆವು. ಹೋಂವರ್ಕ್ ಹೆಚ್ಚಿ ಮೊದಲು ಬಿಟ್ಟದ್ದು ಭಾನುವಾರದ ಕನ್ನಡ ತರಗತಿ. ಕಳೆದ ವರ್ಷ ಶಿವಮೊಗ್ಗದಿಂದ ನನ್ನ ತಂದೆ ಬಂದಿದ್ದರು. ಅಂಗಡಿಯಲ್ಲಿ ಮಗ ಕ್ಯಾಷಿಯರ್ ಜೊತೆ ಸ್ಪ್ಯಾನಿಷ್‌ನಲ್ಲಿ ನಿರರ್ಗಳವಾಗಿ ಮಾತಾಡಿದ. "ಏನಂದಳೋ ಆಕೆ?" ಎಂದು ತಾತ ಕೇಳಿದರೆ ಅವನು ಇಂಗ್ಲಿಷ್‌ನಲ್ಲಿ ಉತ್ತರಿಸಿದ. ತಾತ ತಲೆಯಾಡಿಸಿ ಚೀಲ ಎತ್ತಿಕೊಂಡರು.

ಉತ್ತರ: ನಾಲ್ಕನೇ ತರಗತಿಯ ಹುಡುಗನ ತಾಯಿ
ಅದಕ್ಕೆ ಸ್ಪ್ಯಾನಿಷ್ ತರಗತಿಯನ್ನು ದೂರಬೇಡಿ. ಕನ್ನಡ ಉಳಿಯಬೇಕಾದದ್ದು ಮನೆಯಲ್ಲಿ, ಊಟಕ್ಕೆ ಕೂತಾಗ. ನಾವು ಒಂದು ದಿನವೂ ಬಿಡಲಿಲ್ಲ.

ಉತ್ತರ: ಡಲ್ಲಾಸ್ ಬಳಿಯ ತಂದೆ
ನೀವು ಅರ್ಧ ದಿನದ ಕೆಲಸಕ್ಕೆ ಇಳಿಯಬಹುದಾಗಿತ್ತು. ನಮ್ಮಿಬ್ಬರಿಗೂ ವೀಸಾ ಉಳಿಸಿಕೊಳ್ಳಲು ಪೂರ್ತಿ ದಿನದ ಕೆಲಸ ಬೇಕಿತ್ತು.