ಮನೆ ಆರೈಕೆ: ಬರುವವರ ನಡುವೆ ಹೊಂದಾಣಿಕೆ ಹೇಗೆ?

ಪ್ರಶ್ನೆ (ಮುಳಬಾಗಿಲು): ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ನಮ್ಮ ತಾಯಿಯವರನ್ನು ನೋಡಲು ನರ್ಸ್, ಫಿಸಿಯೋಥೆರಪಿಸ್ಟ್, ಆಶಾ ಕಾರ್ಯಕರ್ತೆ ಬೇರೆ ಬೇರೆ ದಿನ ಬರುತ್ತಾರೆ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಲುಪುವುದೇ ಇಲ್ಲ. ರಕ್ತದೊತ್ತಡದ ಮಾತ್ರೆ ಬದಲಾದದ್ದು ತಿಳಿಯದೆ ವ್ಯಾಯಾಮಕ್ಕೆಂದು ಎಬ್ಬಿಸಿ ಕೂರಿಸಿದಾಗ ಅವರಿಗೆ ತಲೆಸುತ್ತು ಬಂತು. ಏನು ಮಾಡಬಹುದು?

ಉತ್ತರ 1: ನಾನು ಮನೆಗಳಿಗೆ ಹೋಗುವ ನರ್ಸ್. ತಲೆದೆಸೆಯಲ್ಲಿ ಒಂದು ನೋಟ್‌ಬುಕ್ಕನ್ನು ದಾರದಿಂದ ಕಟ್ಟಿಡಿ (ಕಟ್ಟದಿದ್ದರೆ ಮಕ್ಕಳು ಹೋಂವರ್ಕಿಗೆ ಒಯ್ಯುತ್ತಾರೆ). ಬಂದವರೆಲ್ಲ ದಿನಾಂಕ, ರಕ್ತದೊತ್ತಡ, ಬದಲಾದ ಔಷಧಿ, ಬೆನ್ನಿನ ಮೇಲೆ ಕೆಂಪಾದ ಜಾಗ, ಇವನ್ನೆಲ್ಲ ಕನ್ನಡದಲ್ಲೇ ಬರೆಯಲಿ. 2024ರಲ್ಲಿ ನಮ್ಮ ಕೋಲಾರದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಗೃಹ ಆರೋಗ್ಯ ಯೋಜನೆಯ ತಂಡ ಬಂದರೂ ಅದನ್ನೇ ತೋರಿಸಿ.

ಉತ್ತರ 2: ಬರೆದದ್ದನ್ನು ಓದುವವರು ಕಡಿಮೆ. ತಿಂಗಳಿಗೊಮ್ಮೆಯಾದರೂ ನರ್ಸ್ ಮತ್ತು ಫಿಸಿಯೋ ಒಂದೇ ಹೊತ್ತಿಗೆ ಬರಲಿ. ರೋಗಿಯನ್ನು ಮಗ್ಗುಲಿಗೆ ಹೊರಳಿಸುವ ಬಗೆಯನ್ನು ಇಬ್ಬರೂ ಕಣ್ಣಾರೆ ಕಂಡ ಮೇಲೆ ನಮ್ಮ ಮನೆಯಲ್ಲಿ ವಾದವೇ ನಿಂತಿತು.