ಅಪ್‌ಡೇಟ್: ಗಾಳಿಮಳೆಯ ನಂತರ ಧಾರವಾಡದ ನಮ್ಮ ಸಭೆ

ಡಿಸೆಂಬರ್ ಮೊದಲ ವಾರದ ಅಕಾಲಿಕ ಗಾಳಿಮಳೆಗೆ ನಮ್ಮ ಹಳೆಯ ದೇವಾಲಯದ (ಚರ್ಚಿನ) ಹಂಚುಗಳು ಹಾರಿಹೋದಾಗ, ಚಾವಣಿ ಸರಿಯಾಗುವವರೆಗೆ ಸಭೆಯು, ಅಂದರೆ ಚರ್ಚಿನ ವಿಶ್ವಾಸಿಗಳ ಬಳಗವು, ಚದುರದಂತೆ ನೋಡಿಕೊಳ್ಳುವುದು ಹೇಗೆ ಎಂದು ತಮ್ಮೆಲ್ಲರನ್ನು ಕೇಳಿದ್ದೆ. ಉತ್ತರಿಸಿದ ಹಿರಿಯರಿಗೆ ವಂದನೆಗಳು.

ಓಣಿಗೊಂದು ಮನೆಕೂಟ ನಡೆಸಿರೆಂಬ ಸಲಹೆಯನ್ನು ಸಭಾಪಾಲಕರು ಒಪ್ಪಿದರು. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಉಳಿದ ಭಾನುವಾರಗಳ ಆರಾಧನೆಯು ನಾಲ್ಕು ಮನೆಗಳ ಪಡಸಾಲೆಗಳಲ್ಲಿ ನಡೆಯಿತು. ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕುಳಿತರೂ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದಿದ್ದವರು ಒಂದೇ ಜಮಖಾನೆಯ ಮೇಲೆ ಒತ್ತೊತ್ತಾಗಿ ಕುಳಿತು ಕೀರ್ತನೆ ಹಾಡಿದರು. ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರು ಮೂರು ವರ್ಷಗಳ ನಂತರ ಸಭೆಯವರೊಡನೆ ಕರ್ತನ ಭೋಜನ (ಯೇಸುವಿನ ಸ್ಮರಣೆಯ ರೊಟ್ಟಿ, ದ್ರಾಕ್ಷಾರಸ) ಸ್ವೀಕರಿಸಿದರು. ಇದು ನನ್ನ ಪ್ರಶ್ನೆಯಲ್ಲಿ ಇರಲೇ ಇಲ್ಲ.

ಚಾವಣಿಯ ಕೆಲಸ ಮಾತ್ರ ಎಣಿಸಿದಷ್ಟು ಸುಲಭವಾಗಲಿಲ್ಲ. 1837ರಲ್ಲಿ ಧಾರವಾಡಕ್ಕೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನಮ್ಮದೂ ಆ ಮಾದರಿಯ ಹಂಚೇ. ಹೊಸ ಹಂಚಿನ ಅಂಚು ಹಳೆಯದಕ್ಕೆ ಸರಿಯಾಗಿ ಕೂಡದ ಕಾರಣ, ಉಳಿದ ಹಳೆಯ ಹಂಚುಗಳನ್ನೆಲ್ಲ ಒಂದು ಇಳಿಜಾರಿಗೆ ಜೋಡಿಸಿ, ಇನ್ನೊಂದಕ್ಕೆ ಪೂರ್ತಿ ಹೊಸದನ್ನೇ ಹೊದಿಸಿದೆವು. ತಗಡು ಹಾಕಿಸೋಣವೆಂಬ ವಾದವೂ ಬಂದಿತು. ಮಳೆ ಬಂದರೆ ಸದ್ದಿಗೆ ಪ್ರಸಂಗ (ಪಾಲಕರ ಉಪದೇಶ) ಕೇಳಿಸದೆಂದು ನಾನು ವಿರೋಧಿಸಿದೆ. (ಅದೇ ಅನುಕೂಲವೆಂದು ತರುಣರು ನಕ್ಕರು.)

ಕ್ರಿಸ್‌ಮಸ್ ಆರಾಧನೆಯನ್ನು ನೆರೆಯ ಲಿಂಗಾಯತ ಕುಟುಂಬದವರು ಕೊಟ್ಟ ತಾಡಪತ್ರಿಯ ಕೆಳಗೆ ನಡೆಸಿ, ಅವರನ್ನೂ ಕೂರಿಸಿಕೊಂಡು ರೊಟ್ಟಿ, ಎಣಗಾಯಿ ಊಟ ಮಾಡಿದೆವು. ಹಂಚು ಹೊದಿಸಿದ ಮೇಲೂ ಬುಧವಾರದ ಮನೆಕೂಟಗಳು ಮುಂದುವರಿದಿವೆ. ಎರಡು ಕುಟುಂಬಗಳು ಇನ್ನೂ ಮರಳಿಲ್ಲ. ಬರುವ ವಾರ ಅವರ ಮನೆಗೆ ಹೋಗಲಿದ್ದೇವೆ.