ಟಾಕೋಗೆ (ಒಳಗೆ ಪಲ್ಯ ಇಟ್ಟು ಮಡಚೋ ಮೆಕ್ಸಿಕನ್ ತಿಂಡಿ) ಮಾಡೋ ಮೆಕ್ಕೆಜೋಳದ ಟೋರ್ಟಿಯಾ, ಅಂದ್ರೆ ತೆಳು ರೊಟ್ಟಿ, ಒಡೆಯುತ್ತೆ, ಏನ್ಮಾಡ್ಲಿ?

ಶಿವಮೊಗ್ಗ_ಅಡುಗೆ: ಇಲ್ಲಿ ಅಂಗಡೀಲಿ ಮಾಸಾ ಹಿಟ್ಟು (ಟೋರ್ಟಿಯಾಗೆ ಅಂತಾನೇ ಸುಣ್ಣದ ನೀರಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು) ಸಿಗ್ತಿಲ್ಲ, ಮಾಮೂಲಿ ಮೆಕ್ಕೆಜೋಳದ ಹಿಟ್ಟಲ್ಲಿ ತಟ್ಟಿದ್ರೆ ಅಂಚೆಲ್ಲ ಬಿರುಕು ಬಿಡುತ್ತೆ. ಕಾರ್ನ್‌ಫ್ಲೋರ್ ಸೇರಿಸ್ಲಾ?

ಸಾಗರದವಳು: ಬೇಡ, ಅದು ಬರೀ ಪಿಷ್ಟ. ಮೆಕ್ಸಿಕೋದಲ್ಲಿ ಮಾಸಾಗೆ ಒಣ ಮೆಕ್ಕೆಜೋಳದ ಕಾಳನ್ನ ಸುಣ್ಣದ ನೀರಲ್ಲಿ ಬೇಯಿಸಿ ರಾತ್ರಿಯೆಲ್ಲ ನೆನೆಸಿಟ್ಟು ಸಿಪ್ಪೆ ಹೋಗೋ ಹಾಗೆ ತೊಳೆದು ರುಬ್ತಾರೆ, ಆ ಸುಣ್ಣದಿಂದಾನೇ ಹಿಟ್ಟಿಗೆ ಅಂಟು, ಘಮ ಎರಡೂ ಬರೋದು. 1 ಕೆಜಿ ಕಾಳಿಗೆ ಸುಮಾರು 10 ಗ್ರಾಂ ತಿನ್ನೋ ಸುಣ್ಣದ ಪುಡಿ ಸಾಕು, ಸ್ಟೀಲ್ ಪಾತ್ರೇಲೇ ಬೇಯಿಸಿ, ಅಲ್ಯೂಮಿನಿಯಂ ಬೇಡ.

ತೀರ್ಥಹಳ್ಳಿ_ಮನೆ: ಪುರುಸೊತ್ತಿಲ್ಲ ಅಂದ್ರೆ ಅಕ್ಕಿರೊಟ್ಟಿ ತರಾನೇ ಕುದಿಯೋ ನೀರಲ್ಲಿ ಕಲಸಿ, ಮುಚ್ಚಿಟ್ಟು, ಬಾಳೆಎಲೆ ಮಧ್ಯೆ ಒತ್ತಿ, ಒಡೆಯೋದು ಕಮ್ಮಿಯಾಗುತ್ತೆ ಆದ್ರೆ ಆ ರುಚಿ ಬರಲ್ಲ. ಜೊತೆಗೆ ಹಾಕೋ ಸಾಲ್ಸಾಗೆ (ಮೆಕ್ಸಿಕನ್ ಚಟ್ನಿ) ಬ್ಯಾಡಗಿ ಮೆಣಸಿನಕಾಯಿ ಹುರಿದು ನೆನೆಸಿ ರುಬ್ಬಿ, ಬಣ್ಣ ತುಂಬಾ ಚೆನ್ನಾಗಿರುತ್ತೆ.

ಶಿವಮೊಗ್ಗ_ಅಡುಗೆ: ಥ್ಯಾಂಕ್ಸ್ ಅಕ್ಕ, ಭಾನುವಾರ ಕಾಳು ನೆನೆಸ್ತೀನಿ.